ಕೆಟ್ಟೋದ ಲ್ಯಾಪ್‌ಟಾಪ್ ಬಿಚ್ಚಿ, ಪಾರ್ಟ್ಸ್ ಟೆಸ್ಟ್ ಮಾಡಿ ಮಾರೋದು ಹೇಗೆ: ಶುರುವಿಂದ ಕೊನೇವರೆಗೂ

ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ, ಸರ್ವಿಸ್‌ನವ್ರು ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್, ಅಂದ್ರೆ ಮದರ್‌ಬೋರ್ಡ್) ಹೋಗಿದೆ ಅಂದ್ರು, ಬೋರ್ಡ್ ಬದಲಾಯಿಸೋಕೆ ಅವ್ರು ಕೇಳೋ ದುಡ್ಡಿಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಬಂದ್ಬಿಡತ್ತೆ. ಇಲ್ಲಿಗೆ ಬಂದಾಗ ಹೆಚ್ಚಿನವ್ರು ಅದನ್ನ ಅಟ್ಟಕ್ಕೆ ಹಾಕ್ತಾರೆ, ಇಲ್ಲಾ ಗುಜರಿಯವ್ನು ಬಾಯಿಗೆ ಬಂದ ರೇಟ್ ಹೇಳಿದ್ರೆ ಅಷ್ಟಕ್ಕೇ ಕೊಟ್ಟು ಕೈ ತೊಳ್ಕೋತಾರೆ. ಆದ್ರೆ ಬೋರ್ಡ್ ಹೋದ ಮಾತ್ರಕ್ಕೆ ಡಿಸ್‌ಪ್ಲೇ, ರ‍್ಯಾಮ್, ಹಾರ್ಡ್ ಡಿಸ್ಕ್, ಚಾರ್ಜರ್, ಕೀಬೋರ್ಡ್, ಹಿಂಜ್ (ಮುಚ್ಚಳ ತೆರೆದು ಮುಚ್ಚೋ ಕೀಲು) ಯಾವ್ದೂ ಹೋಗಿರಲ್ಲ, ಮತ್ತೆ ಇದೇ ಮಾಡೆಲ್ ಇಟ್ಕೊಂಡು ಅದೇ ಪಾರ್ಟ್‌ಗೋಸ್ಕರ ಅಂಗಡಿ ಅಂಗಡಿ ಸುತ್ತೋರು ನಿಜವಾಗ್ಲೂ ಇದಾರೆ.

ಉದಾಹರಣೆಗೆ ಡೆಲ್ ಇನ್‌ಸ್ಪಿರಾನ್ 15 3567 ತಗೊಳ್ಳಿ, ನಮ್ಮಲ್ಲಿ ಕಾಲೇಜ್ ಹುಡುಗ್ರು, ಸಣ್ಣ ಆಫೀಸ್‌ಗಳು ಎಲ್ಲಾ ಕಡೆ ಓಡಾಡಿದ ಮಾಡೆಲ್ ಅದು. ನಾನು ಈ ಬರಹದಲ್ಲಿ ಅದನ್ನೇ ಮುಂದೆ ಇಟ್ಕೊಂಡು ಹೇಳ್ತೀನಿ, ಎಚ್‌ಪಿ, ಲೆನೊವೊ, ಏಸರ್ ಇದ್ರೂ ದಾರಿ ಅದೇ. ಒಂದೇ ಮಾತು ತಲೇಲಿ ಇಟ್ಕೊಳ್ಳಿ: ಟೆಸ್ಟ್ ಆಗಿರೋ ಪಾರ್ಟ್‌ಗೆ ಒಂದು ರೇಟ್, "ವರ್ಕ್ ಆಗ್ಬೋದು ಸಾರ್" ಅನ್ನೋ ಪಾರ್ಟ್‌ಗೆ ಇನ್ನೊಂದು ರೇಟ್, ಇವೆರಡರ ಮಧ್ಯೆ ಇರೋ ವ್ಯತ್ಯಾಸವೇ ನಿಮ್ಮ ಸಂಪಾದನೆ. ಅದಕ್ಕೇ ಈ ಬರಹದಲ್ಲಿ ಮಾರೋದಕ್ಕಿಂತ ಟೆಸ್ಟ್ ಮಾಡೋ ಕಡೆಗೇ ಜಾಸ್ತಿ ಹೇಳಿದೀನಿ.

ಸ್ಟೆಪ್ 1: ಸ್ಕ್ರೂಡ್ರೈವರ್ ಮುಟ್ಟೋ ಮುಂಚೆ

ಎಲ್ರೂ ಅವಸರ ಮಾಡೋದು ಇಲ್ಲೇ. ಲ್ಯಾಪ್‌ಟಾಪ್ ಒಂದಾಗಿ ಇರೋವಾಗ ಅದೇ ನಿಮ್ಮ ಟೆಸ್ಟಿಂಗ್ ಮೆಷಿನ್, ಬಿಚ್ಚಿದ ಮೇಲೆ ಕೀಬೋರ್ಡ್ ಸರಿ ಇದ್ಯಾ, ಸ್ಪೀಕರ್ ಸರಿ ಇದ್ಯಾ ಅಂತ ನೋಡೋಕೆ ಬೇರೆ ದಾರೀನೇ ಇರಲ್ಲ. ಹಾಗಾಗಿ ಮೊದ್ಲು ಅದು ಎಷ್ಟರ ಮಟ್ಟಿಗೆ ಕೆಟ್ಟಿದೆ ಅಂತ ನೋಡಿ. ಆನ್ ಆಗತ್ತೆ ಆದ್ರೆ ಹಿಂಜ್ ಮುರಿದಿದೆ, ಡಿಸ್‌ಪ್ಲೇ ಒಡೆದಿದೆ ಅನ್ನೋದು ಒಂದು ತರ. ಲೈಟ್ ಬರತ್ತೆ, ಫ್ಯಾನ್ ತಿರುಗತ್ತೆ, ಸ್ಕ್ರೀನ್ ಮಾತ್ರ ಕಪ್ಪು ಅನ್ನೋದು ಇನ್ನೊಂದು. ಪವರ್ ಬಟನ್ ಒತ್ತಿದ್ರೆ ಏನೂ ಇಲ್ಲ, ಪೂರ್ತಿ ಡೆಡ್ ಅನ್ನೋದು ಮೂರನೇದು.

ಮೊದಲ್ನೇ ತರ ಆದ್ರೆ ನೀವು ಅದೃಷ್ಟವಂತರು, ಎಲ್ಲಾನೂ ಇದ್ದಲ್ಲೇ ಟೆಸ್ಟ್ ಮಾಡ್ಬೋದು. ಸ್ಕ್ರೀನ್ ಒಡೆದಿದ್ರೆ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಕೊಡಿ. ಡೆಲ್‌ನಲ್ಲಿ ಆನ್ ಮಾಡೋವಾಗ ಎಫ್12 ಒತ್ತಿ ಡಯಾಗ್ನೋಸ್ಟಿಕ್ಸ್ ಆರಿಸಿದ್ರೆ ರ‍್ಯಾಮ್, ಹಾರ್ಡ್ ಡಿಸ್ಕ್, ಫ್ಯಾನ್, ಬ್ಯಾಟರಿ ಎಲ್ಲಾ ಒಂದೊಂದಾಗಿ ಅದೇ ಚೆಕ್ ಮಾಡತ್ತೆ, ಎಚ್‌ಪಿನಲ್ಲಿ ಇದಕ್ಕೆ ಎಫ್2. ರಿಸಲ್ಟ್ ಬಂದ ತಕ್ಷಣ ಫೋನಲ್ಲಿ ಫೋಟೋ ಹೊಡ್ಕೊಳ್ಳಿ, ಮುಂದೆ ಗಿರಾಕಿಗೆ ತೋರಿಸೋಕೆ ಬೇಕಾಗತ್ತೆ. ಡೆಲ್‌ನಲ್ಲಿ ಇನ್ನೊಂದು ಒಳ್ಳೇ ಸೌಲಭ್ಯ ಇದೆ, ಡಿ ಕೀ ಒತ್ತಿ ಹಿಡ್ಕೊಂಡೇ ಪವರ್ ಬಟನ್ ಒತ್ತಿದ್ರೆ ಸ್ಕ್ರೀನ್ ತಾನೇ ಒಂದೊಂದು ಬಣ್ಣ ತೋರಿಸ್ತಾ ಹೋಗತ್ತೆ, ವಿಂಡೋಸ್ ಇಲ್ದೇ ಇದ್ರೂ ಪ್ಯಾನಲ್ ಚೆನ್ನಾಗಿದ್ಯಾ ಇಲ್ವಾ ಅಲ್ಲೇ ಗೊತ್ತಾಗ್ಬಿಡತ್ತೆ.

ಎರಡನೇ ತರದ್ದಕ್ಕೆ, ಅಂದ್ರೆ ಸ್ಕ್ರೀನ್ ಕಪ್ಪಾಗಿರೋದಕ್ಕೆ, ತೀರ್ಮಾನಕ್ಕೆ ಬರೋ ಮುಂಚೆ, ಸ್ಟೆಪ್ 2ರಲ್ಲಿ ಹೇಳಿರೋ ಹಾಗೆ ಬ್ಯಾಟರಿ ಬಿಡಿಸಿ, ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ನ ಪೆನ್ಸಿಲ್ ರಬ್ಬರಿಂದ ಮೆಲ್ಲಗೆ ಉಜ್ಜಿ ಪುಡಿ ಊದಿ ವಾಪಸ್ ಹಾಕಿ ನೋಡಿ, ಎರಡು ಸ್ಲಾಟ್ ಇದ್ರೆ ಒಂದೇ ರ‍್ಯಾಮ್ ಹಾಕಿ ಸ್ಲಾಟ್ ಬದಲಾಯಿಸಿ ನೋಡಿ. ಇಷ್ಟಕ್ಕೇ ಎದ್ದು ಕೂತ್ಕೊಳ್ಳೋ ಲ್ಯಾಪ್‌ಟಾಪ್‌ಗಳು ಇವೆ, ಹಾಗೇನಾದ್ರೂ ಎದ್ರೆ ಪಾರ್ಟ್ಸ್ ಮಾರೋ ಯೋಚನೆ ಬಿಟ್ಟು ಪೂರ್ತಿ ಲ್ಯಾಪ್‌ಟಾಪೇ ಮಾರಿ, ಓಡೋ ಲ್ಯಾಪ್‌ಟಾಪ್‌ನ ಬಿಚ್ಚಿ ಪಾರ್ಟ್ಸ್ ಮಾಡೋದು ಲಾಭ ಅಲ್ಲ, ಸರಿಯೂ ಅಲ್ಲ.

ಆನ್ ಆಗೋ ಹಾಗಿದ್ರೆ ಇನ್ನೂ ಮೂರು ಕೆಲಸ ಈಗ್ಲೇ ಮುಗಿಸ್ಬೇಕು. ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ಬರೋ ಬೋರ್ಡ್‌ನ ಸೆಟ್ಟಿಂಗ್‌ಗೆ) ಪಾಸ್‌ವರ್ಡ್ ಇದ್ರೆ ತೆಗೆದ್ಬಿಡಿ, ಪಾಸ್‌ವರ್ಡ್ ಇರೋ ಬೋರ್ಡ್‌ನ ಯಾರೂ ಒಳ್ಳೇ ರೇಟಿಗೆ ತಗೊಳಲ್ಲ. ಮ್ಯಾಕ್‌ಬುಕ್ ಆದ್ರೆ ಫೈಂಡ್ ಮೈನಿಂದ (ಕಳೆದುಹೋದ ಮ್ಯಾಕ್ ಹುಡುಕೋ ಆಪಲ್ ಸೌಲಭ್ಯ) ಸೈನ್ ಔಟ್ ಆಗಿ, 2018ರ ನಂತರದ ಟಿ2 ಚಿಪ್ ಇರೋ ಮ್ಯಾಕ್‌ಗಳಲ್ಲಿ, ಆಮೇಲೆ ಬಂದ ಎಂ ಸರಣಿ ಮ್ಯಾಕ್‌ಗಳಲ್ಲಿ ಆಕ್ಟಿವೇಶನ್ ಲಾಕ್ (ಮಾಲೀಕರ ಆಪಲ್ ಅಕೌಂಟ್ ಇಲ್ದೇ ತೆರೆಯದ ಬೀಗ) ಇದ್ರೆ ಆ ಬೋರ್ಡ್ ಬೇರೆಯವ್ರಿಗೆ ಉಪಯೋಗಕ್ಕೇ ಬರಲ್ಲ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕೋ ಬೀಗ) ಆನ್ ಇದ್ರೆ ಅದರ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇದ್ಯಾ ನೋಡಿ ಬರ್ಕೊಳ್ಳಿ, ಇಲ್ಲಾಂದ್ರೆ ಡಿಸ್ಕ್ ಹೊರಗೆ ತೆಗೆದು ಇನ್ನೊಂದು ಕಂಪ್ಯೂಟರ್‌ಗೆ ಹಾಕಿದಾಗ ನಿಮ್ಮ ಫೋಟೋ ನಿಮಗೇ ಸಿಗಲ್ಲ.

ಕಂಪ್ನಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ರೆ, ಕೆಲಸ ಬಿಟ್ಟಿದ್ರೂ, ಅವ್ರು ಬರವಣಿಗೇಲಿ ಇಟ್ಕೊಳ್ಳಿ ಅನ್ನೋ ತನಕ ಅದು ನಿಮ್ದಲ್ಲ, ಮುಟ್ಬೇಡಿ.

ಸ್ಟೆಪ್ 2: ಬಿಚ್ಚೋದು

ಬೇಕಾಗೋದು ಪಿಎಚ್0 ಮತ್ತೆ ಪಿಎಚ್00 ಸೈಜಿನ ಸ್ಟಾರ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಓಪನರ್, ಒಂದು ಸಾಧಾರಣ ಮಲ್ಟಿಮೀಟರ್, ಕ್ಲೀನ್ ಮಾಡೋಕೆ ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಟೂತ್ ಬ್ರಶ್, ಮಾಸ್ಕಿಂಗ್ ಟೇಪ್, ಪೆನ್. ಮ್ಯಾಕ್‌ಬುಕ್ ಆದ್ರೆ ಐದು ದಳದ ಪಿ5 ಪೆಂಟಲೋಬ್ ಬೇರೆ ಬೇಕು. ಪ್ಲಾಸ್ಟಿಕ್ ಓಪನರ್ ಸಿಗ್ಲಿಲ್ಲ ಅಂದ್ರೆ ಹಳೇ ಎಟಿಎಂ ಕಾರ್ಡ್ ಸಾಕು, ಚಾಕು ಮಾತ್ರ ಬೇಡ, ಬಾಡಿ ಮೇಲೆ ಗೀರು ಬಿದ್ರೆ ಆ ಬಾಡಿಗೆ ಬೆಲೆ ಇಲ್ಲ.

ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡ್ಕೊಳ್ಳಿ, ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪ್ನಿಯವ್ರು ಫ್ರೀಯಾಗಿ ಇಟ್ಟಿದಾರೆ. ಯಾವ ಸ್ಕ್ರೂ ಎಲ್ಲಿದೆ, ಯಾವ ಕೇಬಲ್ ಮೊದ್ಲು ಬಿಡಿಸ್ಬೇಕು ಅಂತ ಚಿತ್ರ ಸಮೇತ ಇರತ್ತೆ. ಎಲ್ಲಾ ಸ್ಕ್ರೂ ತೆಗೆದ್ರೂ ಬಾಟಮ್ (ಕೆಳಗಿನ ಮುಚ್ಚಳ) ಬರ್ತಿಲ್ಲ ಅಂದ್ರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತಾನೇ ಅರ್ಥ, ರಬ್ಬರ್ ಕಾಲಿನ ಕೆಳಗೆ, ಡಿವಿಡಿ ಡ್ರೈವ್ ಜಾಗದಲ್ಲಿ, ಇಲ್ಲಾ ಕೀಬೋರ್ಡ್ ಅಡಿ ಹುಡುಕಿ, ಬಲ ಹಾಕಿ ಎಳೀಬೇಡಿ.

ಮೊದ್ಲು ಬ್ಯಾಟರಿ. 3567ರಲ್ಲಿ ಅದು ಹೊರಗಿಂದಾನೇ ಲ್ಯಾಚ್ ಸರಿಸಿದ್ರೆ ಬಂದ್ಬಿಡತ್ತೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿರತ್ತೆ, ಬಾಟಮ್ ತೆಗೆದ ತಕ್ಷಣ ಬೇರೆ ಏನೂ ಮುಟ್ಟದೆ ಬ್ಯಾಟರಿ ಕನೆಕ್ಟರ್ ಬಿಡಿಸಿ. ಆಮೇಲೆ ಪವರ್ ಬಟನ್ ಒಂದಿಪ್ಪತ್ತು ಸೆಕೆಂಡ್ ಒತ್ತಿ ಹಿಡ್ಕೊಳ್ಳಿ, ಒಳಗೆ ಉಳಿದ ಚಾರ್ಜ್ ಹೋಗ್ಲಿ. ಇದು ಶಾಸ್ತ್ರಕ್ಕೆ ಹೇಳ್ತಿರೋ ಮಾತಲ್ಲ, ಬ್ಯಾಟರಿ ಇದ್ದ ಹಾಗೇ ಡಿಸ್‌ಪ್ಲೇ ಕೇಬಲ್ ಎಳೆದ್ರೆ ಬ್ಯಾಕ್‌ಲೈಟ್ ಲೈನ್ ಪಕ್ಕದ ಪಿನ್‌ಗೆ ತಾಗಿ ಬೋರ್ಡಲ್ಲಿರೋ ಫ್ಯೂಸ್ ಹೋಗತ್ತೆ, ಕೆಲವು ಸಲ ಅದಕ್ಕಿಂತ ದೊಡ್ಡದೂ ಹೋಗತ್ತೆ, ಚೆನ್ನಾಗಿದ್ದ ಪಾರ್ಟ್ ಬಿಚ್ಚೋ ಹೊತ್ತಲ್ಲಿ ಸಾಯತ್ತೆ.

ಬ್ಯಾಟರಿ ಉಬ್ಬಿದ್ರೆ ಅಲ್ಲಿಗೇ ನಿಲ್ಲಿಸಿ. ಟಚ್‌ಪ್ಯಾಡ್ ಮೇಲೆದ್ದಿದ್ರೆ, ಬಾಟಮ್ ಮುಚ್ಚಿಕೊಳ್ತಿಲ್ಲ ಅಂದ್ರೆ ಅದೇ ಗುರುತು. ಚೂಪಾದ ಲೋಹದ್ದು ಯಾವ್ದೂ ಹತ್ರ ತರ್ಬೇಡಿ, ಅಂಟಿಕೊಂಡಿದ್ರೆ ಬಗ್ಗಿಸಿ ಎಬ್ಬಿಸ್ಬೇಡಿ, ಧೈರ್ಯ ಸಾಲ್ಲಿಲ್ಲ ಅಂದ್ರೆ ಸರ್ವಿಸ್ ಅಂಗಡಿಯವ್ರ ಹತ್ರಾನೇ ತೆಗೆಸಿ, ಹೊರಗೆ ಬಂದ ಮೇಲೆ ಮನೆ ಒಳಗೆ ಇಡ್ಬೇಡಿ.

ಕೀಬೋರ್ಡ್, ಟಚ್‌ಪ್ಯಾಡ್‌ನ ಚಪ್ಪಟೆ ರಿಬ್ಬನ್ ಕೇಬಲ್‌ಗಳನ್ನ ಹಾಗೇ ಎಳೀಬಾರ್ದು, ಕನೆಕ್ಟರ್ ಮೇಲೆ ಉಗುರಿನ ತುದಿ ಅಷ್ಟು ದೊಡ್ಡ ಪಟ್ಟಿ ಇರತ್ತೆ, ಅದನ್ನ ಮೇಲಕ್ಕೆ ಎತ್ತಿದ್ರೆ ರಿಬ್ಬನ್ ತಾನೇ ಸಡಿಲ ಆಗತ್ತೆ. ವೈಫೈ ಆಂಟೆನಾ ವೈರ್‌ಗಳನ್ನ ನೇರ ಮೇಲಕ್ಕೆ ಎಬ್ಬಿಸಿ. ಬಿಚ್ಚಿದ ಒಂದೊಂದು ಪಾರ್ಟ್‌ನ ಸ್ಕ್ರೂಗಳನ್ನ ಮಾಸ್ಕಿಂಗ್ ಟೇಪ್‌ಗೆ ಅಂಟಿಸಿ ಅದೇ ಪಾರ್ಟ್ ಜೊತೆ ಸುತ್ತಿಡಿ. ಹಾರ್ಡ್ ಡಿಸ್ಕ್‌ನ ತಗಡಿನ ಬ್ರ್ಯಾಕೆಟ್, ಎಂ.2 ಎಸ್‌ಎಸ್‌ಡಿಯ (ಬೋರ್ಡ್‌ಗೇ ಕೂರೋ ಪಟ್ಟಿ ತರದ ಎಸ್‌ಎಸ್‌ಡಿ) ಪುಟಾಣಿ ಸ್ಕ್ರೂ, ಡಿಸ್ಕ್ ಕನೆಕ್ಟರ್ ಕೇಬಲ್ ಇವನ್ನೆಲ್ಲಾ ಜನ ಬಿಸಾಡ್ತಾರೆ, ಆದ್ರೆ ಎಸ್‌ಎಸ್‌ಡಿ ಹಾಕಿಸೋಕೆ ಹೊರಟು ಬ್ರ್ಯಾಕೆಟ್ ಸಿಗದೇ ಒದ್ದಾಡೋರಿಗೆ ಅದೇ ಬೇಕಾಗಿರತ್ತೆ.

ಸ್ಟೆಪ್ 3: ಒಂದೊಂದೇ ಪಾರ್ಟ್ ಟೆಸ್ಟ್ ಮಾಡೋದು

ರ‍್ಯಾಮ್ ಇಂದ ಶುರು ಮಾಡಿ, ಟೆಸ್ಟ್ ಮಾಡೋಕೂ ಸುಲಭ, ಮಾರೋಕೂ ಸುಲಭ. 3567ರಲ್ಲಿ ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್ ಇರತ್ತೆ. ಸ್ಟಿಕ್ಕರ್ ಮೇಲೆ ಪಿಸಿ4-2400ಟಿ ಅಂತ ಇದ್ರೆ ಡಿಡಿಆರ್4, 2400 ಸ್ಪೀಡ್. ಪಿಸಿ3 ಅಂದ್ರೆ 1.5 ವೋಲ್ಟ್‌ನ ಡಿಡಿಆರ್3, ಪಿಸಿ3ಎಲ್ ಅಂದ್ರೆ 1.35 ವೋಲ್ಟ್‌ದು. ಈ ಎಲ್ ಅಕ್ಷರ ಇದ್ಯಾ ಇಲ್ವಾ ಅನ್ನೋದು ಜಾಹೀರಾತಲ್ಲಿ ಬರೀಲೇಬೇಕು, ಯಾಕಂದ್ರೆ 1.35 ವೋಲ್ಟ್ ಮಾತ್ರ ಕೊಡೋ ಲ್ಯಾಪ್‌ಟಾಪ್‌ಗಳಲ್ಲಿ ಎಲ್ ಇಲ್ಲದ್ದು ಕೆಲಸ ಮಾಡಲ್ಲ, ಗಿರಾಕಿ ವಾಪಸ್ ತಂದು ಜಗಳ ಆಡ್ತಾನೆ. ಟೆಸ್ಟ್‌ಗೆ ಸ್ನೇಹಿತರ ಲ್ಯಾಪ್‌ಟಾಪ್‌ಗೆ ಈ ರ‍್ಯಾಮ್ ಒಂದನ್ನೇ ಹಾಕಿ, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಟೆಸ್ಟ್ ಸಾಫ್ಟ್‌ವೇರ್ ಓಡಿಸಿ, ಫ್ರೀ ವರ್ಶನ್ ನಾಲ್ಕು ಪಾಸ್ (ಸುತ್ತು) ಮಾಡತ್ತೆ, ರಾತ್ರಿ ಹಾಕಿ ಮಲ್ಕೊಳ್ಳಿ. ಒಂದೇ ಒಂದು ಎರರ್ ಬಂದ್ರೂ ಆ ರ‍್ಯಾಮ್ ಮಾರೋ ಹಾಗಿಲ್ಲ, "ವಿಂಡೋಸ್ ಬೂಟ್ ಆಗ್ತಿದೆಯಲ್ಲ" ಅನ್ನೋದು ಟೆಸ್ಟ್ ಅಲ್ಲ.

ರ‍್ಯಾಮ್ ರೇಟ್ ಬಗ್ಗೆ ಇನ್ನೊಂದು ಮಾತು. 2025ರ ಕೊನೇಲಿ ಎಐ ಸರ್ವರ್‌ಗಳ ಬೇಡಿಕೆಯಿಂದ ಮೆಮೊರಿ ರೇಟ್ ಜಗತ್ತಿನಾದ್ಯಂತ ಏರ್ತು, ಮೈಕ್ರಾನ್ ಕಂಪ್ನಿ ಅದೇ ಡಿಸೆಂಬರ್‌ನಲ್ಲಿ ಕ್ರೂಷಿಯಲ್ ಹೆಸರಲ್ಲಿ ನಮ್ಮಂಥವ್ರಿಗೆ ಮಾರೋ ವ್ಯವಹಾರಾನೇ ನಿಲ್ಲಿಸ್ತೀವಿ ಅಂತ ಹೇಳ್ತು. ಹಾಗಾಗಿ ಹಳೇ ರ‍್ಯಾಮ್ ಅಂತ ಸಸಾರ ಮಾಡ್ಬೇಡಿ, ಮಾರೋ ದಿನದ ಹೊಸ ರ‍್ಯಾಮ್ ರೇಟ್ ನೋಡಿ ಆಮೇಲೆ ಹೇಳಿ.

ಹಾರ್ಡ್ ಡಿಸ್ಕ್ ಮತ್ತೆ ಎಸ್‌ಎಸ್‌ಡಿಗೆ ಸಾಟಾ ಟು ಯುಎಸ್‌ಬಿ ಕೇಬಲ್ ಒಂದು ಬೇಕು, ಎಂ.2 ಆದ್ರೆ ಅದರ ಕೇಸ್. ತಗೊಳ್ಳೋ ಮುಂಚೆ ನಿಮ್ಮ ಎಂ.2 ಸಾಟಾನೋ ಎನ್‌ವಿಎಂಇನೋ (ಡಿಸ್ಕ್ ಕನೆಕ್ಟ್ ಆಗೋ ಎರಡು ಬೇರೆ ವಿಧಾನ) ನೋಡ್ಕೊಳ್ಳಿ, ನೋಡೋಕೆ ಎರಡೂ ಒಂದೇ ತರ ಇರ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿದ್ರೆ ಡಿಸ್ಕ್‌ನ ಜಾತಕಾನೇ ಬರತ್ತೆ. ಹಾರ್ಡ್ ಡಿಸ್ಕ್‌ನಲ್ಲಿ ಮೂರು ಸಾಲು ನೋಡಿ: 05 ರೀಅಲೊಕೇಟೆಡ್ ಸೆಕ್ಟರ್, ಸಿ5 ಕರೆಂಟ್ ಪೆಂಡಿಂಗ್ ಸೆಕ್ಟರ್, ಸಿ6 ಅನ್‌ಕರೆಕ್ಟಬಲ್ ಸೆಕ್ಟರ್. ಮೂರರಲ್ಲೂ ರಾ ವ್ಯಾಲ್ಯೂ ಸೊನ್ನೆ ಇರ್ಬೇಕು. ಇಲ್ಲೊಂದು ಗಮನಿಸಿ, ಆ ಸಾಫ್ಟ್‌ವೇರ್ ರಾ ವ್ಯಾಲ್ಯೂನ ಮೊದಲಿಗೆ ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ತೋರಿಸತ್ತೆ, 10 ಅಂತ ಕಂಡ್ರೆ ಅದು ಹತ್ತಲ್ಲ, ಹದಿನಾರು. ಫಂಕ್ಷನ್ ಮೆನು ಒಳಗೆ ಅಡ್ವಾನ್ಸ್ಡ್ ಫೀಚರ್‌ಗೆ ಹೋಗಿ ಡೆಸಿಮಲ್‌ಗೆ ಬದಲಾಯಿಸ್ಕೊಂಡು ಆಮೇಲೆ ಸ್ಕ್ರೀನ್‌ಶಾಟ್ ತಗೊಳ್ಳಿ. ಸಿ5 ಅಥ್ವಾ ಸಿ6ನಲ್ಲಿ ಅಂಕಿ ಇರೋ ಡಿಸ್ಕ್‌ನ ಮಾರ್ಬೇಡಿ, ಯಾರೋ ಒಬ್ರು ಅದರಲ್ಲಿ ಮಕ್ಕಳ ಫೋಟೋ ಇಡ್ತಾರೆ. ಎಸ್‌ಎಸ್‌ಡಿನಲ್ಲಿ ಹೆಲ್ತ್ ಎಷ್ಟು ಪರ್ಸೆಂಟ್, ಒಟ್ಟು ಎಷ್ಟು ಡೇಟಾ ಬರೆದಿದೆ ಅನ್ನೋದು ಮುಖ್ಯ.

ಡೇಟಾ ಅಳಿಸೋದು ಇನ್ನೂ ಮುಖ್ಯ. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೆ ಏನೂ ಅಳಿಸಿರಲ್ಲ, ಫ್ರೀ ರಿಕವರಿ ಸಾಫ್ಟ್‌ವೇರ್‌ನಲ್ಲೇ ನಿಮ್ಮ ಆಧಾರ್ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ವಾಪಸ್ ಬರ್ತವೆ. ಹಾರ್ಡ್ ಡಿಸ್ಕ್‌ಗೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಕ್‌ಪಾರ್ಟ್ (diskpart) ಓಪನ್ ಮಾಡಿ, ಲಿಸ್ಟ್ ಡಿಸ್ಕ್ ಕೊಟ್ಟು, ಸೈಜ್ ನೋಡಿ ಸರಿಯಾದ ಡಿಸ್ಕ್ ಸೆಲೆಕ್ಟ್ ಮಾಡಿ, ಕ್ಲೀನ್ ಆಲ್ ಅಂತ ಕೊಟ್ರೆ ಪೂರ್ತಿ ಡಿಸ್ಕ್ ಮೇಲೆ ಸೊನ್ನೆ ಬರೀತಾ ಹೋಗತ್ತೆ, 1 ಟಿಬಿ ಲ್ಯಾಪ್‌ಟಾಪ್ ಡಿಸ್ಕ್‌ಗೆ ಮೂರು ಗಂಟೆ ಮೇಲೇ ಹಿಡಿಯತ್ತೆ. ಎಂಟರ್ ಒತ್ತೋ ಮುಂಚೆ ಡಿಸ್ಕ್ ನಂಬರ್ ಇನ್ನೊಂದ್ಸಲ ನೋಡಿ, ತಪ್ಪು ಡಿಸ್ಕ್ ಆರಿಸಿದ್ರೆ ಓಡ್ತಿರೋ ಕಂಪ್ಯೂಟರೇ ಖಾಲಿ. ಎಸ್‌ಎಸ್‌ಡಿಗೆ ಆ ಕಂಪ್ನಿಯ ಸಾಫ್ಟ್‌ವೇರ್‌ನಲ್ಲೇ ಸೆಕ್ಯೂರ್ ಇರೇಸ್ ಇರತ್ತೆ, ಇಲ್ಲಾ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲೇ ಇರತ್ತೆ, ಅದನ್ನ ಬಳಸಿ. ಅಳಿಸೋಕೂ ಆಗದಷ್ಟು ಕೆಟ್ಟಿರೋ ಡಿಸ್ಕ್‌ನ ಡ್ರಿಲ್ ಹಾಕಿ ತೂತು ಮಾಡಿ, ಅದಕ್ಕೆ ಯಾರೂ ದುಡ್ಡು ಕೊಡೋದು ಬೇಡ.

ಡಿಸ್‌ಪ್ಲೇ ಪ್ಯಾನಲ್. ಪೂರ್ತಿ ಡೆಡ್ ಆದ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ದುಡ್ಡು ಬರೋದು ಹೆಚ್ಚಾಗಿ ಇದಕ್ಕೇ. ಬೆಝಲ್ (ಸ್ಕ್ರೀನ್ ಸುತ್ತಿನ ಚೌಕಟ್ಟು) ಬಿಡಿಸಿ ಪ್ಯಾನಲ್ ಹಿಂದೆ ನೋಡಿದ್ರೆ ಸ್ಟಿಕ್ಕರ್ ಇರತ್ತೆ, ಬಿಒಇ, ಎಯುಒ, ಇನೊಲಕ್ಸ್, ಎಲ್‌ಜಿ ಹೀಗೆ ಕಂಪ್ನಿ ಹೆಸರು, ಜೊತೆಗೆ ಮಾಡೆಲ್ ನಂಬರ್. ಲ್ಯಾಪ್‌ಟಾಪ್ ಮಾಡೆಲ್‌ಗಿಂತ ಈ ನಂಬರೇ ಮುಖ್ಯ, ಯಾಕಂದ್ರೆ ಒಂದೇ ಪ್ಯಾನಲ್ ಹತ್ತಾರು ಬೇರೆ ಬೇರೆ ಲ್ಯಾಪ್‌ಟಾಪ್‌ಗೆ ಕೂರತ್ತೆ, ಒಂದೇ ಲ್ಯಾಪ್‌ಟಾಪ್ ಮಾಡೆಲ್‌ಗೆ ಬೇರೆ ಬೇರೆ ಪ್ಯಾನಲ್ ಬಂದಿರತ್ತೆ. ಗಿರಾಕಿ ಕೇಳೋ ಪ್ರಶ್ನೆಗಳು ಇವು: ಎಷ್ಟು ಇಂಚು, ರೆಸಲ್ಯೂಶನ್ ಎಷ್ಟು, 30 ಪಿನ್ನಾ 40 ಪಿನ್ನಾ, ಪಕ್ಕದಲ್ಲಿ ಸ್ಕ್ರೂ ಹಾಕೋ ಬ್ರ್ಯಾಕೆಟ್ ಇದ್ಯಾ ಇಲ್ವಾ, ಮ್ಯಾಟ್ಟಾ ಗ್ಲಾಸಿನಾ. 3567ರದ್ದು ಹೆಚ್ಚಾಗಿ 15.6 ಇಂಚು, 1366 ಇಂಟು 768, 30 ಪಿನ್. ಫುಲ್ ಎಚ್‌ಡಿ ಅಂದ್ರೆ 1920 ಇಂಟು 1080, ಅದಕ್ಕೆ ರೇಟ್ ಜಾಸ್ತಿ.

ಟೆಸ್ಟ್ ಮಾಡೋಕೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದೇ ಬಣ್ಣ ಫುಲ್ ಸ್ಕ್ರೀನ್ ಹಾಕಿ ಕತ್ತಲೆ ರೂಮಲ್ಲಿ ನೋಡಿ. ಬಿಳಿ ಮೇಲೆ ಕಪ್ಪು ಚುಕ್ಕೆ, ಕಪ್ಪು ಮೇಲೆ ಬೆಳಗೋ ಚುಕ್ಕೆ, ಒತ್ತಡ ಬಿದ್ದು ಆಗಿರೋ ಬಿಳೀ ಮಚ್ಚೆ, ಗೆರೆ ಎಲ್ಲಾ ಆಗ ಕಾಣತ್ತೆ. ಗೆರೆ ಇದ್ರೆ ಡಿಸ್‌ಪ್ಲೇ ಕೇಬಲ್ ಮೆಲ್ಲಗೆ ಅಲುಗಾಡಿಸಿ ನೋಡಿ, ಗೆರೆ ಹೋಗಿ ಬಂದು ಮಾಡಿದ್ರೆ ತೊಂದ್ರೆ ಕೇಬಲ್‌ದು, ಪ್ಯಾನಲ್ ಚೆನ್ನಾಗಿದೆ. ಲ್ಯಾಪ್‌ಟಾಪ್ ಆನೇ ಆಗಲ್ಲ ಅಂದ್ರೆ ಡಿಸ್‌ಪ್ಲೇ ಮಾರೋ ಅಂಗಡಿಗಳಲ್ಲಿ ಪ್ಯಾನಲ್ ಟೆಸ್ಟರ್ ಇರತ್ತೆ, ಅಲ್ಲೇ ಹೋಗಿ ಟೆಸ್ಟ್ ಮಾಡಿಸಿ, ಅವ್ರೇ ತಗೊಳ್ಳೋದೂ ಉಂಟು. ತೆಗೆಯೋವಾಗ ಪ್ಯಾನಲ್‌ನ ಎರಡೂ ಕಡೆ ಹಿಡ್ಕೊಳ್ಳಿ, ಮಧ್ಯ ಬೆರಳು ಊರ್ಬೇಡಿ. ಹೊಸ ಮಾಡೆಲ್‌ಗಳಲ್ಲಿ ಸ್ಕ್ರೂ ಬದಲು ಎಳೆದ್ರೆ ಉದ್ದ ಆಗೋ ಅಂಟುಪಟ್ಟಿ ಇರತ್ತೆ, ಅದನ್ನ ಕೆಳಗಿಂದ ನಿಧಾನಕ್ಕೆ ಎಳೀತಾ ಬನ್ನಿ, ಅರ್ಧಕ್ಕೆ ತುಂಡಾದ್ರೆ ಪ್ಯಾನಲ್ ಎಬ್ಬಿಸೋ ಹೊತ್ತಿಗೆ ಒಡೆಯೋ ಸಾಧ್ಯತೆ ಜಾಸ್ತಿ.

ಬ್ಯಾಟರಿಗೆ, ಲ್ಯಾಪ್‌ಟಾಪ್ ಆನ್ ಆಗೋ ಹಾಗಿದ್ರೆ ಮಾತ್ರ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಬರೆದು ಒಂದು ಜಾಗ ಬಿಟ್ಟು ಸ್ಲ್ಯಾಶ್ ಬ್ಯಾಟರಿರಿಪೋರ್ಟ್ (powercfg /batteryreport) ಕೊಡಿ, ಒಂದು ರಿಪೋರ್ಟ್ ಫೈಲ್ ಸೇವ್ ಆಗತ್ತೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡು ಸಾಲು ನೋಡಿ. 3567ರ ಎಂ5ವೈ1ಕೆ ಬ್ಯಾಟರಿ 40 ವ್ಯಾಟ್ ಅವರ್, ಅಂದ್ರೆ ಡಿಸೈನ್ ಸುಮಾರು 40,000 ಮಿಲಿವ್ಯಾಟ್ ಅವರ್, ಫುಲ್ ಚಾರ್ಜ್ 26,000 ಇದ್ರೆ ನೂರಕ್ಕೆ 65 ಉಳಿದಿದೆ ಅಂತ. ಅರವತ್ತಕ್ಕಿಂತ ಕೆಳಗಿದ್ರೆ ನಾನಂತೂ ಮಾರೋಕೆ ಹೋಗಲ್ಲ. ಬಿಚ್ಚಿ ಒಳಗಿನ ಸೆಲ್ ತೆಗೆದು ಪವರ್ ಬ್ಯಾಂಕ್ ಮಾಡ್ತೀನಿ ಅನ್ನೋರ ವಿಡಿಯೋ ನೋಡಿ ಮನೇಲಿ ಪ್ರಯತ್ನ ಮಾಡ್ಬೇಡಿ, ಶಾರ್ಟ್ ಆದ ಲಿಥಿಯಂ ಸೆಲ್ ಬೆಂಕಿ ಹತ್ತಿದ್ರೆ ಆರಿಸೋದು ಕಷ್ಟ.

ಚಾರ್ಜರ್ ಎಲ್ಲಕ್ಕಿಂತ ಬೇಗ ಮಾರಾಟ ಆಗತ್ತೆ. ಮಲ್ಟಿಮೀಟರ್‌ನ ಡಿಸಿ ವೋಲ್ಟ್‌ಗೆ ಇಟ್ಟು ಕೆಂಪು ಕಡ್ಡಿ ಪಿನ್ ಒಳಗೋಡೆಗೆ, ಕಪ್ಪು ಕಡ್ಡಿ ಹೊರಗಡೆಗೆ ಮುಟ್ಟಿಸಿದ್ರೆ ಡೆಲ್‌ದು 19.5 ಆಸುಪಾಸು ತೋರಿಸ್ಬೇಕು. ಇಷ್ಟು ಸಾಲದು, ಲೋಡ್ ಬಿದ್ದಾಗ ವೋಲ್ಟೇಜ್ ಬೀಳೋ ಚಾರ್ಜರ್‌ಗಳಿವೆ, ಹಾಗಾಗಿ ಅದೇ ಪಿನ್ ಇರೋ ಲ್ಯಾಪ್‌ಟಾಪ್‌ಗೆ ಹಾಕಿ ಚಾರ್ಜ್ ಏರೋವರೆಗೆ ಬಿಡಿ. ಡೆಲ್ ಮತ್ತೆ ಎಚ್‌ಪಿ ಪಿನ್ ಮಧ್ಯದಲ್ಲಿ ಸೂಜಿ ತರ ಇರತ್ತಲ್ಲ, ಡೆಲ್‌ನಲ್ಲಿ ಅದು ಚಾರ್ಜರ್ ಎಷ್ಟು ವ್ಯಾಟ್ ಅಂತ ಹೇಳೋದಕ್ಕೆ, ಅದು ಮುರಿದ್ರೆ ಲ್ಯಾಪ್‌ಟಾಪ್ ಓಡಿದ್ರೂ ಬ್ಯಾಟರಿ ಚಾರ್ಜ್ ಆಗಲ್ಲ. ವೈರ್ ಕಿತ್ತು ಟೇಪ್ ಸುತ್ತಿರೋ ಚಾರ್ಜರ್ ಮಾರ್ಬೇಡಿ.

ಕೀಬೋರ್ಡ್‌ನ ಬಿಚ್ಚೋ ಮುಂಚೆಯೇ ಬ್ರೌಸರ್‌ನಲ್ಲಿ ಕೀಬೋರ್ಡ್ ಟೆಸ್ಟರ್ ತೆಗೆದು ಎಲ್ಲಾ ಕೀ ಒತ್ತಿ ವಿಡಿಯೋ ಮಾಡ್ಕೊಂಡಿರ್ಬೇಕು, ಈಗ ಹಿಂದಿನ ಪಾರ್ಟ್ ನಂಬರ್ ಬರ್ಕೊಂಡ್ರೆ ಸಾಕು. ಫ್ಯಾನ್‌ನ ಬೆರಳಲ್ಲಿ ತಿರುಗಿಸಿ ನೋಡಿ, ಕಿರಿಕಿರಿ ಅನ್ನದೆ ಸಲೀಸಾಗಿ ತಿರುಗ್ಬೇಕು, ಧೂಳು ಬ್ರಶ್ ಮಾಡಿ ಇಡಿ. ವೈಫೈ ಕಾರ್ಡ್‌ಗೆ ಬರೋದು ಚಿಲ್ಲರೆ, ಆದ್ರೂ ಒಂದು ತಿಳ್ಕೊಳ್ಳಿ, ಇಂಟೆಲ್ ಎಎಕ್ಸ್200 ಎಲ್ಲಾ ಕಡೆ ಓಡತ್ತೆ, ಎಎಕ್ಸ್201 ಅನ್ನೋದು ಅದಕ್ಕೆ ತಕ್ಕ ಇಂಟೆಲ್ ಬೋರ್ಡಲ್ಲಿ ಮಾತ್ರ ಓಡೋದು, ಎಎಮ್‌ಡಿಯವ್ರಿಗೆ ಕೊಟ್ರೆ ಕೆಲಸಕ್ಕೆ ಬರಲ್ಲ.

ಹಿಂಜ್ ಮತ್ತೆ ಬಾಡಿ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ, ಆದ್ರೆ ಅದೇ ಸಿಗದ ಮಾಲು. ಮಾರ್ಕೆಟ್‌ನಲ್ಲಿ ಹೊರಗಿನ ಮುಚ್ಚಳಕ್ಕೆ ಎ ಪ್ಯಾನಲ್, ಸ್ಕ್ರೀನ್ ಸುತ್ತಿನ ಬೆಝಲ್‌ಗೆ ಬಿ, ಕೀಬೋರ್ಡ್ ಕೂರೋ ಭಾಗಕ್ಕೆ ಸಿ, ಬಾಟಮ್‌ಗೆ ಡಿ ಅಂತಾರೆ, ಜಾಹೀರಾತಲ್ಲೂ ಹಾಗೇ ಬರೀರಿ. ಕಡಿಮೆ ಬೆಲೆ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜ್ ಗಟ್ಟಿಯಾಗಿ ಅದರ ಸ್ಕ್ರೂ ಕೂರೋ ಹಿತ್ತಾಳೆ ಗುಬ್ಬಿ ಪ್ಲಾಸ್ಟಿಕ್‌ನಿಂದ ಕಿತ್ತು ಬರೋದು ಮಾಮೂಲಿ ಕಾಯಿಲೆ, ಅಂಥವ್ರಿಗೆ ಗುಬ್ಬಿ ಎಲ್ಲಾ ಗಟ್ಟಿಯಾಗಿರೋ ಎ ಪ್ಯಾನಲ್ ಸಿಕ್ರೆ ಕೇಳಿದಷ್ಟು ಕೊಡ್ತಾರೆ. ಆ ಗುಬ್ಬಿಗಳ ಹತ್ರದ ಫೋಟೋ ಹಾಕೋದು ಮರೀಬೇಡಿ.

ಕೊನೇಗೆ ಬೋರ್ಡ್. ಓಡೋ ಬೋರ್ಡ್ ಆಗಿದ್ರೆ ಅದೇ ಎಲ್ಲಕ್ಕಿಂತ ಬೆಲೆ ಬಾಳೋದು. ಮೇಜಿನ ಮೇಲೆ ರಟ್ಟು ಹಾಸಿ, ಬೋರ್ಡ್, ಹೀಟ್‌ಸಿಂಕ್, ಫ್ಯಾನ್, ಒಂದು ರ‍್ಯಾಮ್, ಚಾರ್ಜರ್, ಎಚ್‌ಡಿಎಂಐಗೆ ಟಿವಿ ಇಷ್ಟೇ ಹಾಕಿ ಬಯಾಸ್ ಸ್ಕ್ರೀನ್ ಬರೋ ವಿಡಿಯೋ ಮಾಡಿ, ಅದರಲ್ಲಿ ಪ್ರೊಸೆಸರ್ ಹೆಸರು ಕಾಣೋ ಹಾಗಿರ್ಲಿ, ಈ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಬೋರ್ಡ್‌ಗೇ ಬೆಸುಗೆ ಆಗಿರತ್ತೆ, ಬದಲಾಯಿಸೋಕಾಗಲ್ಲ. ಡೆಡ್ ಬೋರ್ಡ್ ಆದ್ರೂ ಬಿಸಾಡ್ಬೇಡಿ, ಚಿಪ್ ಲೆವೆಲ್ ಸರ್ವಿಸ್ ಮಾಡೋರಿಗೆ ಅದರ ಮೇಲಿರೋ ಚಾರ್ಜಿಂಗ್ ಐಸಿ, ಐಒ ಚಿಪ್, ಮಾಸ್‌ಫೆಟ್, ಪೋರ್ಟ್‌ಗಳು ಎಲ್ಲಾ ಬೇಕು. ನೀರು ಬಿದ್ದಿದ್ಯಾ, ಎಲ್ಲಾದ್ರೂ ಸುಟ್ಟಿದ್ಯಾ, ಈ ಮೊದ್ಲು ಯಾರಾದ್ರೂ ಬೆಸುಗೆ ಹಾಕಿದಾರಾ ಅನ್ನೋದನ್ನ ಮೊದ್ಲೇ ಹೇಳ್ಬಿಡಿ, ಅವ್ರು ಭೂತಗನ್ನಡಿ ಹಿಡಿದ್ರೆ ಹೇಗೂ ಗೊತ್ತಾಗತ್ತೆ. ಹೀಟ್ ಗನ್ ಹಿಡಿದು ಚಿಪ್ ಬಿಸಿ ಮಾಡಿ ಎರಡು ದಿನ ಓಡೋ ಹಾಗೆ ಮಾಡಿ ಓಡೋ ಬೋರ್ಡ್ ಅಂತ ಮಾರೋದು ಮೋಸ, ಅಷ್ಟೇ.

ಸ್ಟೆಪ್ 4: ಹೆಸರು, ಫೋಟೋ, ರೇಟ್

ಟೆಸ್ಟ್ ಆದ ಪಾರ್ಟ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಯಾವ ಲ್ಯಾಪ್‌ಟಾಪ್‌ದು, ಪಾರ್ಟ್ ನಂಬರ್, ಟೆಸ್ಟ್ ಮಾಡಿದ ತಾರೀಕು, ಏನು ದೋಷ ಇದೆ ಅಷ್ಟು ಬರೀರಿ. ಡೆಲ್ ಪಾರ್ಟ್ ಮೇಲೆ ಡಿಪಿ ಸ್ಲ್ಯಾಶ್ ಎನ್ (DP/N) ಅಂತ ಇರತ್ತೆ, ಎಚ್‌ಪಿದು ಕೊನೇಲಿ 001 ಅಂತ ಮುಗಿಯೋ ಸ್ಪೇರ್ ನಂಬರ್, ಲೆನೊವೊದು ಎಫ್‌ಆರ್‌ಯು. ಹುಡುಕೋರು ಈ ನಂಬರ್ ಹಾಕೇ ಹುಡುಕ್ತಾರೆ. ಫೋಟೋ ಹಗಲು ಬೆಳಕಲ್ಲಿ ತೆಗೀರಿ, ಮುಂದೆ, ಹಿಂದೆ, ಸ್ಟಿಕ್ಕರ್, ಕನೆಕ್ಟರ್ ನಾಲ್ಕೂ ಇರ್ಲಿ, ಗೀರು ಇದ್ರೆ ಗೀರಿನ ಫೋಟೋ ಬೇರೆ. ನಿಮ್ಮ ಸರ್ವಿಸ್ ಟ್ಯಾಗ್ (ಡೆಲ್ ಲ್ಯಾಪ್‌ಟಾಪ್‌ನ ಗುರುತಿನ ನಂಬರ್), ಸೀರಿಯಲ್ ನಂಬರ್ ಮಾತ್ರ ಮುಚ್ಚಿ.

ಜಾಹೀರಾತು ಹೀಗಿದ್ರೆ ಸಾಕು: "ಡೆಲ್ ಇನ್‌ಸ್ಪಿರಾನ್ 3567ರಿಂದ ತೆಗೆದ 15.6 ಇಂಚು ಎಚ್‌ಡಿ ಪ್ಯಾನಲ್, 30 ಪಿನ್, ಬ್ರ್ಯಾಕೆಟ್ ಇದೆ. ಎಲ್ಲಾ ಬಣ್ಣದಲ್ಲೂ ಟೆಸ್ಟ್ ಮಾಡಿದೆ, ವಿಡಿಯೋ ಕಳಿಸ್ತೀನಿ. ಬಲಗಡೆ ಕೆಳಗೆ ಒಂದು ಡೆಡ್ ಪಿಕ್ಸೆಲ್ ಇದೆ. ಬಂದು ಹಾಕಿ ನೋಡಿ ತಗೊಳ್ಬೋದು. ಮೂರು ದಿನದಲ್ಲಿ ತೊಂದ್ರೆ ಬಂದ್ರೆ ವಾಪಸ್." ಆ ಒಂದು ಡೆಡ್ ಪಿಕ್ಸೆಲ್ ಬಗ್ಗೆ ನೀವಾಗೇ ಬರೆದಿದ್ದಕ್ಕೆ ಉಳಿದಿದ್ದೆಲ್ಲಾ ಜನ ನಂಬ್ತಾರೆ.

ರೇಟ್ ಹೇಗೆ ಕಟ್ಟೋದು? ಅದೇ ಪಾರ್ಟ್ ಹೊಸದು, ವಾರಂಟಿ ಸಮೇತ ಆನ್‌ಲೈನ್‌ನಲ್ಲಿ ಎಷ್ಟು ಅಂತ ನೋಡಿ, ಅದರ ಅರ್ಧದ ಸುತ್ತಮುತ್ತ ಶುರು ಮಾಡಿ, ಚೌಕಾಸಿಗೆ ಸ್ವಲ್ಪ ಜಾಗ ಇಟ್ಕೊಳ್ಳಿ. ಬ್ಯಾಟರಿ, ಹಾರ್ಡ್ ಡಿಸ್ಕ್ ಸವೆಯೋ ಮಾಲು, ಅವಕ್ಕೆ ಅರ್ಧವೂ ಜಾಸ್ತಿ. ಎ ಪ್ಯಾನಲ್, ಹಿಂಜ್, ಡಿಸ್‌ಪ್ಲೇ ಕೇಬಲ್ ಹೊಸದು ಸಿಗೋದೇ ಇಲ್ಲ ಅಂದ್ರೆ ಅರ್ಧದ ಲೆಕ್ಕ ಬಿಟ್ಬಿಡಿ, ಕಾಯೋ ತಾಳ್ಮೆ ಇದ್ರೆ ಒಳ್ಳೇ ರೇಟ್ ಬರತ್ತೆ.

ಸ್ಟೆಪ್ 5: ಎಲ್ಲಿ ಮಾರೋದು, ಹುಷಾರಾಗಿ ಹೇಗೆ ಮಾರೋದು

ಬೆಂಗಳೂರಲ್ಲಿ ಇದ್ರೆ ಎಸ್‌ಪಿ ರೋಡ್, ಅಂದ್ರೆ ಸಾದರ ಪತ್ರಪ್ಪ ರಸ್ತೆ. ಪಾರ್ಕಿಂಗ್ ಸಿಗಲ್ಲ, ಕೆಆರ್ ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ನಡೀರಿ. ಅಲ್ಲಿ ಒಂದೇ ಗಂಟೇಲಿ ಎಲ್ಲಾ ಮಾರಿ ಬರ್ಬೋದು, ಆದ್ರೆ ಅಂಗಡಿಯವ್ರೂ ಲಾಭ ಇಟ್ಟು ಮಾರ್ಬೇಕಲ್ವಾ, ರೇಟ್ ಕಡಿಮೆ ಕೇಳ್ತಾರೆ, ಮೊದಲ್ನೇ ಅಂಗಡೀಲೇ ಒಪ್ಕೋಬೇಡಿ, ಮೂರ್ನಾಲ್ಕು ಕಡೆ ಕೇಳಿ. ಚೆನ್ನೈನಲ್ಲಿ ಇರೋ ಕನ್ನಡಿಗರಿಗೆ ರಿಚಿ ಸ್ಟ್ರೀಟ್, ಮುಂಬೈನಲ್ಲಿ ಲ್ಯಾಮಿಂಗ್ಟನ್ ರೋಡ್, ದೆಹಲೀಲಿ ನೆಹರೂ ಪ್ಲೇಸ್ ಇದೇ ತರದ ಜಾಗಗಳು. ಸಣ್ಣ ಊರಲ್ಲಿ ಇದ್ರೆ ಊರಿನ ಲ್ಯಾಪ್‌ಟಾಪ್ ಸರ್ವಿಸ್ ಅಂಗಡಿಯವ್ರೇ ನಿಮ್ಮ ಒಳ್ಳೇ ಗಿರಾಕಿ, ಬೆಂಗಳೂರಿಂದ ಪಾರ್ಟ್ ತರಿಸೋ ಖರ್ಚು, ಕಾಯೋ ದಿನ ಎರಡೂ ಅವ್ರಿಗೆ ಉಳಿಯತ್ತೆ.

ನನ್ನ ಲೆಕ್ಕ ಹೀಗೆ: ಬೋರ್ಡ್ ಮತ್ತೆ ಡೌಟ್ ಇರೋ ಪಾರ್ಟ್ಸ್ ಅಂಗಡಿಗೆ, ರ‍್ಯಾಮ್, ಎಸ್‌ಎಸ್‌ಡಿ, ಚಾರ್ಜರ್, ಡಿಸ್‌ಪ್ಲೇ ನೇರ ಬಳಸೋರಿಗೆ ಓಎಲ್‌ಎಕ್ಸ್ ಅಥ್ವಾ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ.

ಆನ್‌ಲೈನ್‌ನಲ್ಲಿ ಹಾಕಿದ ಸ್ವಲ್ಪ ಹೊತ್ತಿಗೇ ಒಬ್ಬ ಫೋನ್ ಮಾಡಿ, ಚೌಕಾಸಿನೂ ಮಾಡದೆ, ಪಾರ್ಟ್ ಬಗ್ಗೆ ಏನೂ ಕೇಳದೆ, ನಾನು ಆರ್ಮಿನಲ್ಲಿ ಇದೀನಿ, ದುಡ್ಡು ಈಗ್ಲೇ ಹಾಕ್ತೀನಿ, ಕ್ಯೂಆರ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ಅಂದ್ರೆ ಅವ್ನು ಕಳ್ಳ. ದುಡ್ಡು ಬರೋಕೆ ನೀವು ಕ್ಯೂಆರ್ ಸ್ಕ್ಯಾನ್ ಮಾಡೋದೂ ಬೇಡ, ಯುಪಿಐ ಪಿನ್ ಹಾಕೋದೂ ಬೇಡ, ಪಿನ್ ಹಾಕೋದು ದುಡ್ಡು ಹೋಗೋದಕ್ಕೆ ಮಾತ್ರ. ಇದನ್ನ ಮನೇಲಿರೋ ಅಪ್ಪ ಅಮ್ಮಂಗೂ ಹೇಳಿಡಿ. "ಜಾಸ್ತಿ ದುಡ್ಡು ಬಂದಿದೆ, ವಾಪಸ್ ಹಾಕಿ" ಅಂತ ಎಸ್‌ಎಂಎಸ್ ತೋರಿಸಿದ್ರೆ ಬ್ಯಾಂಕ್ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ. ದುಡ್ಡು ಹೋಗೇಬಿಟ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಹೇಳ್ತೀರೋ ಅಷ್ಟು ತಡೆಯೋ ಅವಕಾಶ ಜಾಸ್ತಿ.

ಕೈಗೆ ಕೈ ಕೊಡೋದಾದ್ರೆ ಗಿರಾಕೀನ ಅವ್ರ ಲ್ಯಾಪ್‌ಟಾಪ್ ಜೊತೆ ಬರೋಕೆ ಹೇಳಿ, ಮನೆಗಿಂತ ಹೋಟೆಲ್, ಮೆಟ್ರೋ ಸ್ಟೇಷನ್ ಹತ್ರ ಒಳ್ಳೇದು. ಕೊರಿಯರ್‌ನಲ್ಲಿ ಕಳಿಸೋದಾದ್ರೆ ರ‍್ಯಾಮ್, ಎಸ್‌ಎಸ್‌ಡಿಗೆ ಆ್ಯಂಟಿಸ್ಟ್ಯಾಟಿಕ್ ಕವರ್ ಆಮೇಲೆ ಬಬಲ್ ರ‍್ಯಾಪ್, ಪ್ಯಾನಲ್‌ಗೆ ಎರಡೂ ಕಡೆ ಪ್ಯಾನಲ್‌ಗಿಂತ ದೊಡ್ಡ ಗಟ್ಟಿ ರಟ್ಟು ಅಥ್ವಾ ಥರ್ಮೋಕೋಲ್ ಶೀಟ್ ಇಟ್ಟು ಟೇಪ್ ಹೊಡೀರಿ, ಪ್ಯಾಕ್ ಮಾಡೋದನ್ನ ಪೂರ್ತಿ ವಿಡಿಯೋ ತೆಗೀರಿ, ಸ್ಟಿಕ್ಕರ್‌ನ ನಂಬರ್ ಅದರಲ್ಲಿ ಕಾಣ್ಬೇಕು, ತಮ್ಮ ಹಳೇದನ್ನ ಇಟ್ಟು ವಾಪಸ್ ಕಳಿಸೋರೂ ಇರ್ತಾರೆ. ಬ್ಯಾಟರಿ ಕೊರಿಯರ್ ಮಾಡ್ಬೇಡಿ, 2016ರ ಏಪ್ರಿಲ್‌ನಿಂದ ಪ್ಯಾಸೆಂಜರ್ ವಿಮಾನದ ಕಾರ್ಗೋದಲ್ಲಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿ ಸಾಗಿಸೋದಕ್ಕೆ ನಿಷೇಧ ಇದೆ, ಏನೋ ಆಟಿಕೆ ಸಾಮಾನು ಅಂತ ಬರೆದು ಕಳಿಸೋದು ಅಪರಾಧ ಮಾತ್ರ ಅಲ್ಲ, ಜೀವಕ್ಕೆ ಅಪಾಯ.

ಸ್ಟೆಪ್ 6: ಉಳಿದಿದ್ದನ್ನ ಏನ್ ಮಾಡೋದು

ಎಲ್ಲಾ ಮಾರಿದ ಮೇಲೂ ಸತ್ತ ಬ್ಯಾಟರಿ, ತೂತು ಮಾಡಿದ ಡಿಸ್ಕ್, ಒಡೆದ ಪ್ಯಾನಲ್, ವೈರ್ ಚೂರು ಉಳಿಯತ್ತೆ. ಇದನ್ನ ಕಾರ್ಪೊರೇಶನ್ ಕಸದ ಗಾಡಿಗೆ ಹಸಿ ಕಸದ ಜೊತೆ ಹಾಕೋದು ಬೇಡ, ತಾಮ್ರಕ್ಕೋಸ್ಕರ ವೈರ್ ಸುಡೋ, ಚಿನ್ನಕ್ಕೋಸ್ಕರ ಬೋರ್ಡ್‌ನ ಆ್ಯಸಿಡ್‌ನಲ್ಲಿ ಅದ್ದೋ ಕಡೆ ಹೋಗೋ ಹಾಗೂ ಆಗ್ಬಾರ್ದು, ಆ ಹೊಗೆ ಕುಡಿಯೋರು ಬಡವ್ರ ಮಕ್ಕಳು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರೋ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಣಿ ಆಗಿರೋ ರೀಸೈಕ್ಲರ್‌ಗಳೇ ಇದನ್ನ ತಗೋಬೇಕು, ದಾಬಸ್‌ಪೇಟೆಯಲ್ಲಿರೋ ಇ-ಪರಿಸರ ಅಂಥದ್ದು ಒಂದು. ದೊಡ್ಡ ಕಂಪ್ನಿಗಳೂ ತಮ್ಮ ಬ್ರಾಂಡಿನ ಹಳೇ ಮಾಲು ವಾಪಸ್ ತಗೊಳ್ಳೋ ವ್ಯವಸ್ಥೆ ಇಟ್ಟಿರ್ತಾರೆ, ಅವ್ರ ಕಸ್ಟಮರ್ ಕೇರ್‌ಗೆ ಕೇಳಿ. ಬ್ಯಾಟರಿ ಕೊಡೋವಾಗ ಅದರ ಟರ್ಮಿನಲ್ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿ, ಬೇರೆ ಲೋಹದ ಸಾಮಾನಿನ ಜೊತೆ ಒಂದೇ ಚೀಲಕ್ಕೆ ಹಾಕ್ದೆ ಬೇರೆ ಡಬ್ಬೀಲಿ ಕೊಡಿ, ಉಬ್ಬಿರೋದು ಆದ್ರೆ ಅದನ್ನ ಬಾಯ್ಬಿಟ್ಟು ಹೇಳಿ ಕೊಡಿ.